ಪ್ಲಾನಿನಲ್ಲಿ ಇಲ್ಲದ ಸುರಂಗ

ಪಂಚಾಯತಿನಿಂದ ನೋಟಿಸು ಬಂದದ್ದು ಮಲಯಾಳದಲ್ಲಿ. ಮದುವೆಯಾಗಿ ಕಾಸರಗೋಡು ಕಡೆಯ ಈ ಗುಡ್ಡೆಗೆ ಬಂದು ಇಪ್ಪತ್ತೆರಡು ವರ್ಷ ಆಯಿತು, ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳ ಸರಾಗ ಮಾತಾಡ್ತೇನೆ, ಆದರೆ ಸರಕಾರಿ ಮಲಯಾಳ ಓದಬೇಕಾದರೆ ಈಗಲೂ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಬೆರಳಿಡಬೇಕು. "ಪರಾತಿ" ಅನ್ನುವ ಶಬ್ದ ಮಾತ್ರ ಕೂಡಲೇ ಸಿಕ್ಕಿತು. ದೂರು. ಕೊಟ್ಟವರು ಕೆಳಮನೆ ಅಜ್ಜ.

ನಮ್ಮದು ಹದಿನಾಲ್ಕು ಸೆಂಟ್ಸ್ ಜಾಗ, 1,450 ಚದರಡಿಯ ಮನೆ. ಗದ್ದೆ ಜಾಗ ಅಲ್ಲದ ಕಾರಣ ಗದ್ದೆ ಉಳಿಸುವ 2008ರ ಕಾನೂನು, ಗದ್ದೆಗಳ ಪಟ್ಟಿ ಇರುವ ಡೇಟಾ ಬ್ಯಾಂಕು ಅಂತ ಓಡಾಡುವ ತಾಪತ್ರಯ ಇರಲಿಲ್ಲ. ಕೇರಳದಲ್ಲಿ ಈಗ 300 ಚದರ ಮೀಟರಿನ ಒಳಗಿನ ಮನೆಗೆ ಎಂಜಿನಿಯರೂ ನಾವೂ ಸೇರಿ "ಎಲ್ಲ ನಿಯಮದ ಪ್ರಕಾರ ಉಂಟು" ಅಂತ ಬರೆದುಕೊಟ್ಟರೆ ಪರ್ಮಿಟ್ ಸಲೀಸಾಗಿ ಸಿಗುತ್ತದೆ. ನಮಗೂ ಸಿಕ್ಕಿತು. ಪಾಯಸ ಮಾಡಿದೆ. ಆದರೆ ಪರ್ಮಿಟ್ ಬೇಗ ಸಿಕ್ಕಿತು ಅಂದರೆ ತಕರಾರು ಇಲ್ಲ ಅಂತಲ್ಲ, ತಕರಾರು ಹೇಳುವವರನ್ನು ಇನ್ನೂ ಯಾರೂ ಕೇಳಿಲ್ಲ ಅಂತ ಅಷ್ಟೇ. ಜೆಸಿಬಿ ಬಂದು ನೆಲ ತಟ್ಟು ಮಾಡುವ ಸದ್ದಿಗೆ ಅಜ್ಜನಿಗೆ ಗೊತ್ತಾಯಿತು. ನಾನಾಗಿ ಹೋಗಿ ಹೇಳಿರಲಿಲ್ಲ. ಅದು ನನ್ನದೇ ತಪ್ಪು, ಇಲ್ಲಿ ಒಪ್ಪಿಕೊಂಡು ಬಿಡ್ತೇನೆ.

ನೋಟಿಸಿನ ಸುದ್ದಿ ಸಂಜೆಯೊಳಗೆ ಊರಿಡೀ. ಒಬ್ಬೊಬ್ಬರದು ಒಂದೊಂದು ಸಲಹೆ, ಎಲ್ಲದರ ಸಾರ ಒಂದೇ: "ಬಿಡಬೇಡಿ ಟೀಚರೇ." ವಕೀಲರನ್ನು ಹಿಡಿಯಿರಿ, ಮೆಂಬರರಿಂದ ಫೋನ್ ಮಾಡಿಸಿ, ಅವರ ದನದ ಹಟ್ಟಿಗೆ ಪರ್ಮಿಟ್ ಉಂಟಾ ಅಂತ ನೀವೂ ಒಂದು ಅರ್ಜಿ ಹಾಕಿ. ಇವರು ಶಾರ್ಜಾದಿಂದ ಫೋನಿನಲ್ಲಿ, "ಮನೆ ಕಟ್ಟುವಾಗ ಒಬ್ಬ ಪರಾತಿಗಾರ ಇದ್ದೇ ಇರ್ತಾನೆ, ತಲೆಬಿಸಿ ಮಾಡ್ಬೇಡ" ಅಂದರು. ಅಷ್ಟು ದೂರದಿಂದ ಹಾಗೆ ಹೇಳುವುದು ಸುಲಭ. ಬೇಲಿಯಾಚೆ ದಿನಾ ಮುಖ ನೋಡಬೇಕಾದವಳು ನಾನು. ಮೊದಲು ಬಾಯಿ ತುಂಬ "ಮಗಳೇ" ಅನ್ನುತ್ತಿದ್ದ ಅಜ್ಜ ಆ ವಾರ ಹಾಲಿನ ಸೊಸೈಟಿ ಎದುರು ನನ್ನನ್ನು "ಟೀಚರೇ" ಅಂತ ಕರೆದಾಗ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು.

ಪರಾತಿಯ ನಕಲು ತರಿಸಿ ನಾಲ್ಕು ಸಲ ಓದಿದೆ. ಗಡಿ ಒತ್ತಿದ್ದಾರೆ. ಸೆಪ್ಟಿಕ್ ಗುಂಡಿ ನನ್ನ ಬಾವಿಗೆ ಹತ್ತಿರ. ಕಿಟಕಿ ನನ್ನ ಅಂಗಳಕ್ಕೆ ಮುಖ ಮಾಡ್ತದೆ. ಕೊನೆಗೆ, ಬರೆಯಲೋ ಬೇಡವೋ ಅನ್ನುವ ಹಾಗೆ ಒಂದು ಸಾಲು: ನನ್ನ ಸುರಂಗ ಹಾಳಾಗ್ತದೆ.

ಗಡಿಯದ್ದು ಒಂದೇ ದಿನದ ಕೆಲಸ. ಸರ್ವೆಯವರು ಬಂದರು, ಸ್ಕೆಚ್ ಹಿಡಿದರು, ಅಡಿಕೆ ಬುಡದಲ್ಲಿ ಹುದುಗಿದ್ದ ಕಲ್ಲು ಸಿಕ್ಕಿತು. ನಾವು ಒತ್ತಿರಲಿಲ್ಲ. ಒತ್ತಿದ್ದರೂ ಜಾಗ ಯಾರದ್ದು ಅಂತ ತೀರ್ಮಾನ ಮಾಡುವುದು ಪಂಚಾಯತ್ ಸೆಕ್ರೆಟರಿಯ ಕೆಲಸ ಅಲ್ಲ, ಅದು ಸಿವಿಲ್ ಕೋರ್ಟಿನದ್ದು. ಪರ್ಮಿಟ್ ಇದ್ದ ಮಾತ್ರಕ್ಕೆ ಜಾಗದ ಹಕ್ಕು ಬರುವುದಿಲ್ಲ, ಪರಾತಿ ಕೊಟ್ಟ ಮಾತ್ರಕ್ಕೆ ಹೋಗುವುದೂ ಇಲ್ಲ. ಇದನ್ನು ತಿಳಿಯದೆ ಎಷ್ಟು ಜನ ಪಂಚಾಯತ್ ಮೆಟ್ಟಿಲಲ್ಲಿ ಚಪ್ಪಲಿ ಸವೆಸುತ್ತಾರೋ!

ಸೆಪ್ಟಿಕ್ ಗುಂಡಿಯದ್ದು ಹಾಗಲ್ಲ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ, ಅಂದರೆ ಸೆಪ್ಟಿಕ್‌ನ ನೀರು ನೆಲಕ್ಕೆ ಇಳಿಯುವ ಗುಂಡಿ, 7.5 ಮೀಟರ್ ದೂರ ಇರಬೇಕು ಅಂತ ನಿಯಮ. ನಮ್ಮ ಪ್ಲಾನಿನಲ್ಲಿ ನಮ್ಮ ಬಾವಿಯಿಂದ ದೂರ ಸರಿಯಾಗಿಯೇ ಇತ್ತು. ಅಜ್ಜನ ಬಾವಿ ಪ್ಲಾನಿನಲ್ಲಿ ಇರಲೇ ಇಲ್ಲ! ಟೇಪು ಹಿಡಿದರೆ 6.2. ಎಂಜಿನಿಯರ್ ತಲೆ ಕೆರೆದುಕೊಂಡು, "ಅದಕ್ಕೇನು, ಗುಂಡಿಯನ್ನು ಮೂಡು ಮೂಲೆಗೆ ಹಾಕುವ, 11 ಮೀಟರ್ ಸಿಗ್ತದೆ" ಅಂದ. ಉತ್ತರದ ಕಾಗದ ಬರೆಯಲು ಕೂತೆ, ಕನ್ನಡದಲ್ಲೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ನಮ್ಮಂಥ ಕಡೆಯ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ನಮಗೆ ಉಂಟು, ಉತ್ತರವೂ ಕನ್ನಡದಲ್ಲೇ ಬರಬೇಕು. ಉಂಟು ಅಂತ ನಾವೇ ಮರೆತರೆ ಬೇರೆ ಯಾರು ನೆನಪಿಸುತ್ತಾರೆ?

ಸುರಂಗದ ಸಾಲಿಗೆ ಬಂದಾಗ ಎಂಜಿನಿಯರ್ ನಕ್ಕ. "ಟೀಚರೇ, ಬಾವಿಗೆ ಲೆಕ್ಕ ಉಂಟು. ಸುರಂಗಕ್ಕೆ ಪ್ಲಾನಿನಲ್ಲಿ ಜಾಗ ಇಲ್ಲ. ಬಿಟ್ಟುಬಿಡಿ."

ಬಿಡುತ್ತಿದ್ದೆನೋ ಏನೋ. ಕಾಗದದ ಆ ಕೊನೆಯ ಸಾಲು ಮಾತ್ರ ಕಣ್ಣಿಗೆ ಕಟ್ಟಿತ್ತು. ಹೊರಗಿನವರಿಗಾಗಿ ಹೇಳ್ತೇನೆ: ನಮ್ಮಲ್ಲಿ, ಬಾಯಾರು, ಪಡ್ರೆ ಕಡೆಯಲ್ಲೆಲ್ಲ, ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಮಾಟೆ ಕೊರೆದು ಒಸರುವ ನೀರನ್ನು ಹೊರಗೆ ಹರಿಸುತ್ತಾರೆ. ಪಂಪು ಬೇಡ, ಕರೆಂಟು ಬೇಡ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಕೊರೆಯುವವರು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದರು, ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ.

ಭಾನುವಾರ ಬೆಳಿಗ್ಗೆ ಒಬ್ಬಳೇ ಕೆಳಮನೆಗೆ ಹೋದೆ. ಕಾಗದ ಒಯ್ಯಲಿಲ್ಲ. ಅಜ್ಜ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. "ನಿಮ್ಮ ಸುರಂಗ ಒಮ್ಮೆ ತೋರಿಸ್ತೀರಾ?" ಅಂದೆ. ಮೆಟ್ಟುಕತ್ತಿ ಬದಿಗಿಟ್ಟು, ಒಂದು ಮಾತೂ ಆಡದೆ, ಒಳಗಿಂದ ಟಾರ್ಚ್ ತಂದರು.

ಬಾಯಿಯ ಹತ್ತಿರ ಜರಿಗಿಡ, ಒಳಗೆ ಎರಡೇ ಹೆಜ್ಜೆಗೆ ತಂಪು. ಕಾಲಡಿ ಹಿಮ್ಮಡಿ ಮುಳುಗುವಷ್ಟು ನೀರು, ಕನ್ನಡಿ ಹಾಗೆ. ಗೋಡೆಯಲ್ಲಿ ಪಿಕ್ಕಾಸಿನ ಗಾಯಗಳು ಇನ್ನೂ ಹಾಗೇ ಇವೆ. ಎಲ್ಲೋ ಬಾವಲಿ ಪಟಪಟ ಅಂದಿತು. "ತಲೆ ತಗ್ಗಿಸು ಮಗಳೇ" ಅಂದರು. ಅವರ ಅಪ್ಪ ಕೊರೆಸಿದ್ದಂತೆ, ಮೂವತ್ತು ಕೋಲು. ಕೋಲಿಗೆ 72 ಸೆಂಟಿಮೀಟರ್ ಲೆಕ್ಕ. ಮರುದಿನ ಎಂಜಿನಿಯರ್ ಟೇಪು ಎಳೆದಾಗ 21.5 ಮೀಟರ್ ಬಂತು, ಅಜ್ಜನ ಲೆಕ್ಕಕ್ಕೆ ಗೇಣು ಕೂಡ ವ್ಯತ್ಯಾಸವಿಲ್ಲ. ಸುರಂಗ ಅರ್ಧದಲ್ಲಿ ಮೂಡಕ್ಕೆ ತಿರುಗುತ್ತದೆ. ಅಜ್ಜ ಒಳಗಿನಿಂದ ಹಾರೆಯಲ್ಲಿ ಮೇಲಕ್ಕೆ ಗುದ್ದಿದರು, ನಾವು ಮೇಲೆ ನೆಲಕ್ಕೆ ಕಿವಿಯಿಟ್ಟೆವು. ಸದ್ದು ಬಂದಲ್ಲೆಲ್ಲ ಸುಣ್ಣದ ಗುರುತು ಹಾಕುತ್ತ ಹೋದೆವು. ಗುರುತುಗಳ ಸಾಲು ಹೋಗಿ ನಿಂತದ್ದು ಆ ಮೂಡು ಮೂಲೆಯಲ್ಲಿ. ಹೊಸ ಇಂಗುಗುಂಡಿಯ ಸರಿಯಾಗಿ ಕೆಳಗೆ.

ಅಂದರೆ, ಬಾವಿಯಿಂದ 11 ಮೀಟರ್. ನಿಯಮದಲ್ಲಿ ಪಾಸು. ನಮ್ಮ ಕಕ್ಕಸಿನ ನೀರು ಮಾತ್ರ ಮುರಕಲ್ಲಿನ ಸಂದಿಯಲ್ಲಿ ಇಳಿದು ಅಜ್ಜ ಕಾಫಿಗೆ ಹಿಡಿಯುವ ತೊಟ್ಟಿಗೆ. ಎಂಜಿನಿಯರ್ ನಗಲಿಲ್ಲ.

ಗುಂಡಿ ಈಗ ರಸ್ತೆ ಬದಿಯ ಪಡು ಮೂಲೆಯಲ್ಲಿ. ಅದಕ್ಕಾಗಿ ಎರಡೂ ಟಾಯ್ಲೆಟ್ ಮುಂದಕ್ಕೆ ಬಂದವು, ಊಟದ ಕೋಣೆ ಹಿಂದಕ್ಕೆ ಹೋಯಿತು, ಪ್ಲಾನ್ ತಿದ್ದಿ ಮತ್ತೆ ಕೊಟ್ಟೆವು, ಕೈಯಿಂದ ಒಂದಷ್ಟು ಹೆಚ್ಚು ಬಿಟ್ಟಿತು. ಇವರು ಫೋನಿನಲ್ಲಿ ಮೂರು ದಿನ ಮುಖ ಊದಿಸಿಕೊಂಡಿದ್ದರು, ದನಿಯಲ್ಲೇ ಗೊತ್ತಾಗ್ತದೆ. ಸುರಂಗದ ನೀರಿಗೆ ತೊಂದರೆಯಾದೀತು ಅಂತ ಬೋರ್‌ವೆಲ್ ಹಾಕುವ ಯೋಚನೆಯನ್ನೂ ಸದ್ಯಕ್ಕೆ ಬದಿಗಿಟ್ಟಿದ್ದೇವೆ.

"ಸೋತಿರಲ್ಲ ಟೀಚರೇ" ಅಂತ ಸ್ಟಾಫ್‌ರೂಮಿನಲ್ಲಿ ಒಬ್ಬರು ಅಂದರು. ಜಗಳಕ್ಕೆ ಇಳಿದಿದ್ದರೆ ಬಹುಶಃ ನಾನೇ ಗೆಲ್ಲುತ್ತಿದ್ದೆ, ಕಾಗದವೆಲ್ಲ ನನ್ನ ಕಡೆಗಿತ್ತು. ಅಜ್ಜ ಮೇಲ್ಮನವಿಗೆ ಟ್ರಿಬ್ಯುನಲ್‌ಗೆ ಹೋಗಬೇಕಿದ್ದರೆ ಅದು ಇರುವುದು ತಿರುವನಂತಪುರದಲ್ಲಿ, ರಾಜ್ಯದ ಆ ತುದಿ. ಎಪ್ಪತ್ತೆಂಟರ ಮುದುಕ ರಾತ್ರಿ ರೈಲು ಹತ್ತಿ ಹೋಗಿ ಸುರಂಗ ಅಂದರೆ ಏನು ಅಂತ ಅಲ್ಲಿ ಯಾರಿಗೆ ವಿವರಿಸಬೇಕಿತ್ತು? ಪರಾತಿ ಬಂದ ಕೂಡಲೇ ಹಗೆ ಅಂತ ಹಚ್ಚಿಬಿಡುವ ನಮ್ಮ ಊರಿನ ಚಾಳಿ ನನಗೆ ಹಿಡಿಸುವುದಿಲ್ಲ. ಹೊಟ್ಟೆಕಿಚ್ಚಿನ ಪರಾತಿಗಳು ಇಲ್ಲ ಅನ್ನುತ್ತಿಲ್ಲ, ಬೇಕಾದಷ್ಟಿವೆ. ಅಜ್ಜನ ಕಾಗದದಲ್ಲೂ ಗಡಿಯ ಸಾಲು ಬರೀ ಸಿಟ್ಟಿನದ್ದು. ಆದರೆ ಅದೇ ಕಾಗದದ ಕೊನೆಗೆ, ಅವರಿಗೇ ಬರೆಯಲು ನಾಚಿಕೆಯಾದ ಹಾಗಿದ್ದ ಸಾಲು, ನಮ್ಮ ಎಂಜಿನಿಯರ್ ಪ್ಲಾನಿಗಿಂತ ಸರಿ ಇತ್ತು.

ಇಷ್ಟಾದ ಮೇಲೆ ಅಜ್ಜ ಪಂಚಾಯತಿಗೆ ಹೋಗಿ ಗಡಿ, ಗುಂಡಿ, ಸುರಂಗ ಮೂರನ್ನೂ ಹಿಂದೆ ತೆಗೆದುಕೊಂಡಿದ್ದಾರೆ. ಕಿಟಕಿಯದ್ದು ಹಾಗೇ ಉಂಟು. ಗಡಿಯಿಂದ ಬೇಕಾದಷ್ಟು ಜಾಗ ಬಿಟ್ಟಿದ್ದೇವೆ, ನಿಯಮದಲ್ಲಿ ತಪ್ಪಿಲ್ಲ, ನನಗೆ ಅಡುಗೆ ಕೋಣೆಗೆ ಬೆಳಕು ಬೇಕು. ಅವರಿಗೆ ಅಂಗಳದಲ್ಲಿ ಬನಿಯನ್ ಇಲ್ಲದೆ ಕೂರಬೇಕು. ನಿನ್ನೆ ಲಿಂಟಲ್ ಕಾಂಕ್ರೀಟ್ ಆಯಿತು. ಅಜ್ಜ ಬೇಲಿ ಹತ್ತಿರ ನಿಂತು ಕಿಟಕಿಯ ಜಾಗವನ್ನೇ ದಿಟ್ಟಿಸುತ್ತಿದ್ದರು. ಚಾ ಕುಡಿಯಲು ಕರೆದೆ, ಬಂದರು, ಕುಡಿದರು, ಲೋಟ ಕೆಳಗಿಟ್ಟು ಮತ್ತೆ ಕಿಟಕಿಯ ಮಾತನ್ನೇ ಎತ್ತಿದರು.