ಜಮಖಂಡಿಯ ವಿ.ವಿ.ಗಾಗಿ ಹುಡುಗರು ಬೀದಿಗಿಳಿದದ್ದು ಸರಿಯೇ?

2025ರ ಫೆಬ್ರುವರಿ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಜಮಖಂಡಿಯಲ್ಲಿರುವ ಬಾಗಲಕೋಟೆ ವಿ.ವಿ.ಯೂ ಆ ಪಟ್ಟಿಯಲ್ಲಿತ್ತು. ಕೊಟ್ಟ ಕಾರಣ, ರೊಕ್ಕ ಇಲ್ಲ. ವಿ.ವಿ. ಉಳಿಸಿ ಎಂದು ಹುಡುಗರು ಬೀದಿಗಿಳಿದರು.

ಪರ

ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಅಚ್ಚಾದರೆ ಏನಾಗುತ್ತದೆಂದು ಬೆಂಗಳೂರಿನಲ್ಲಿ ಕೂತವರಿಗೆ ತಿಳಿಯದು. ಜಮಖಂಡಿಯ ವಿ.ವಿ. ಬರುವ ಮೊದಲು ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಅದಕ್ಕಾಗಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿ.ವಿ.ಗೆ ಹೋಗಬೇಕಿತ್ತು. ‘ಸಾಹೇಬ್ರು ಮೀಟಿಂಗಿನ್ಯಾಗ ಅದಾರ, ನಾಳೆ ಬರ್ರಿ’ ಅಂದರೆ ಮತ್ತೊಂದು ದಿನ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಪುಕ್ಕಟೆ, ಖರೆ. ಆದರೆ ಒಬ್ಬಳೇ ಅಷ್ಟು ದೂರ ಯಾಕೆ ಎನ್ನುವ ಮನೆಗಳು ಇನ್ನೂ ಇವೆ. ಜಮಖಂಡಿಯಾದರೆ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮನೆ ಸೇರಬಹುದು. ಎಂ.ಎ. ಓದಲು ಒಪ್ಪಿಗೆ ಸಿಗುವುದೂ ಇಂಥ ಲೆಕ್ಕದ ಮೇಲೆಯೇ.

ವರ್ಷಕ್ಕೆ ಬರೀ 2 ಕೋಟಿ ರೂಪಾಯಿಯಲ್ಲಿ ವಿ.ವಿ. ನಡೆಯುತ್ತದೆಂದು ಹೇಳಿ ಹುಟ್ಟಿಸಿದ್ದು ಹಿಂದಿನ ಸರ್ಕಾರ. ಹಾಲುಣಿಸದೆ ಬೆಳೆಸಿ, ಕೂಸು ಸೊರಗಿದೆ ಎಂದು ಈಗಿನವರು ಕೈಬಿಡುವುದು ಯಾವ ನ್ಯಾಯ? ರಾಣಿ ಚನ್ನಮ್ಮ ವಿ.ವಿ.ಯೂ ಮೊದಲು ಧಾರವಾಡದ ಕರ್ನಾಟಕ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು, 2010ರಲ್ಲಿ ಬೇರೆಯಾಯಿತು. ಬೆಳಗಾವಿಗೆ ಸಂದದ್ದು ನಮಗೇಕೆ ಸಲ್ಲದು? ಕೂಗದಿದ್ದರೆ ನಮ್ಮ ಕಡೆಯದು ಯಾವುದೂ ಉಳಿಯುವುದಿಲ್ಲ. ಬೆಳಗಾವಿ ಅಧಿವೇಶನದ ಹೊತ್ತಿಗೆ ಸುವರ್ಣಸೌಧದ ಆಸುಪಾಸು ಏಳುವ ಧರಣಿ ಪೆಂಡಾಲುಗಳನ್ನು ಎಣಿಸಿದವರಿಗೆ ಇದು ಗೊತ್ತು.

ವಿರೋಧ

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂಬ ಹೆಸರಷ್ಟೇ, ಮನೆ ನಡೆಸುವವರು ನಾವೇ. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ನಾವು ಧರಣಿ ಕೂತಾಗ ನಮ್ಮ ಕಾಲೇಜಿನ ತರಗತಿಗಳು ಖಾಲಿ ಹೊಡೆದವು. ಆಗ ಬಾರದ ಸಿಟ್ಟು ಹುಡುಗರಿಗೆ ವಿ.ವಿ.ಯ ಬೋರ್ಡು ಹೋಗುತ್ತದೆಂದಾಗ ಬಂತು.

ದೂರದ ಮಾತು ಬನಹಟ್ಟಿಗೆ ಸರಿ. ಇಳಕಲ್ಲಿನವರಿಗೆ, ಬಾದಾಮಿಯವರಿಗೆ ಜಮಖಂಡಿ ಪಕ್ಕದ ಊರೇನಲ್ಲ. ಜಿಲ್ಲೆಯ ಒಂದು ಮೂಲೆಗಿಟ್ಟು ‘ಮನೆಬಾಗಿಲಿಗೆ ವಿ.ವಿ.’ ಅಂದರು. ಅಂಕಪಟ್ಟಿ ತಿದ್ದಲು ಜಿಲ್ಲಾ ಕೇಂದ್ರದಲ್ಲೊಂದು ಕಚೇರಿ ಸಾಕು, ಕುಲಪತಿ ಬೇಕಿಲ್ಲ.

ರೊಕ್ಕದ ಮಾತಿಗೆ ಬರೋಣ. ವಿ.ವಿ. ಕೈಗೆ ನಾಲ್ಕು ಕಾಸು ಬರುವುದು ಕಾಲೇಜುಗಳು ಕಟ್ಟುವ ಸಂಯೋಜನಾ (ಅಫಿಲಿಯೇಷನ್) ಶುಲ್ಕದಿಂದ, ಪರೀಕ್ಷಾ ಶುಲ್ಕದಿಂದ. ಕಾಲೇಜುಗಳನ್ನು ಹಂಚಿದರೆ ಒಂದೇ ರೊಟ್ಟಿಯನ್ನು ಇಬ್ಬರಿಗೆ ಹರಿದಂತೆ, ಬೆಳಗಾವಿಗೂ ಅರೆಹೊಟ್ಟೆ, ಜಮಖಂಡಿಗೂ ಅರೆಹೊಟ್ಟೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 12ಬಿ ಮಾನ್ಯತೆ ಇಲ್ಲದೆ ಅಲ್ಲಿಂದ ಅನುದಾನ ಬಾರದು, ಕಾಯಂ ಪ್ರಾಧ್ಯಾಪಕರಿಲ್ಲದೆ ಆ ಮಾನ್ಯತೆ ಕಷ್ಟ. ಉಳಿದ ದಾರಿ ಹುಡುಗರ ಶುಲ್ಕ ಏರಿಸುವುದೊಂದೇ. ಇಂದು ವಿ.ವಿ. ಉಳಿಸಿ ಎಂದವರೇ ನಾಳೆ ಶುಲ್ಕ ಇಳಿಸಿ ಎಂದು ಕೂರಬೇಕಾದೀತು.

ಹೋರಾಟವೇ ಬೇಡವೆಂದು ನಾನು ಹೇಳಲಾರೆ, ಧರಣಿ ಕೂತವನೇ. ಆದರೆ ಎಷ್ಟು ಹುದ್ದೆ, ಎಂದು ನೇಮಕ ಎಂದು ಬರೆಸಿಕೊಳ್ಳದ ಹೋರಾಟಕ್ಕೆ ಸರ್ಕಾರ ಹೆದರುವುದಿಲ್ಲ. ಬೋರ್ಡು ಉಳಿಸಿ ಕೈತೊಳೆದುಕೊಳ್ಳುತ್ತದೆ.

ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಬಂದ ನನ್ನ ವಿದ್ಯಾರ್ಥಿಯೊಬ್ಬ ಮರುದಿನ ಕೇಳಿದ, ‘ಸರ, ಎಂ.ಎ.ಕ್ಕ ಎಲ್ಲಿ ಅರ್ಜಿ ಹಾಕ್ಲಿ?’

ನನ್ನ ಬಾಯಿಂದಲೂ ಬಂದದ್ದು ಧಾರವಾಡವೇ.