ಇದೇನ್ ಮಹಾ ತೂಕ ಬರುತ್ತೆ!

ಕೊಕ್ಕೆ ತಕ್ಕಡಿ ಈಗ 23.8 ತೋರಿಸುತ್ತಿದೆ. ಐದು ನಿಮಿಷದ ಹಿಂದೆ ಇದೇ ಸೂಟ್‌ಕೇಸು 22.6 ಇತ್ತು. ನಡುವೆ ಯಾರೂ ಏನೂ ಹಾಕಿಲ್ಲವಂತೆ, ಬರೀ ಒಂಚೂರು ಚಟ್ನಿಪುಡಿ ಅಷ್ಟೇ. ಹಾಸನದ ಮನೆಗಳಲ್ಲಿ ಒಂಚೂರು ಎಂದರೆ 1 ಕಿಲೋ 200 ಗ್ರಾಂ ಎಂದು ತೂಕ ಮತ್ತು ಅಳತೆಯವರು ಇನ್ನಾದರೂ ಬರೆದುಕೊಳ್ಳಲಿ.

ಅಮೆರಿಕದ ಟಿಕೆಟ್ಟಿನ ಲೆಕ್ಕ ಸಾಮಾನ್ಯವಾಗಿ ಹೀಗೆ: ತಲೆಗೆ ಎರಡು ಬ್ಯಾಗು, ಒಂದೊಂದೂ 23 ಕಿಲೋ, ಉದ್ದ ಅಗಲ ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು. ನಾಲ್ಕು ಜನರ ಸಂಸಾರಕ್ಕೆ 184 ಕಿಲೋ. ಕೇಳೋಕೆ ದೊಡ್ಡದು, ಮಂಡಿ ಲೆಕ್ಕದಲ್ಲಿ ನಾಲ್ಕು ಮೂಟೆ ಆಲೂಗಡ್ಡೆಯೂ ಇಲ್ಲ. ಅದರಲ್ಲೂ ದೊಡ್ಡ ಸೂಟ್‌ಕೇಸು ಖಾಲಿ ಇದ್ದಾಗಲೇ ನಾಲ್ಕು ಕಿಲೋ ನುಂಗಿ ಕೂತಿರುತ್ತೆ. ಒಂದು 20, ಇನ್ನೊಂದು 26 ಇದ್ದರೆ "ಒಟ್ಟು ಸರಿಯಾಯ್ತಲ್ಲ ಸಾರ್" ಎನ್ನುವ ವಾದ ಕೌಂಟರಿನಲ್ಲಿ ನಡೆಯಲ್ಲ.

ಕೊಕ್ಕೆ ತಕ್ಕಡಿ ಇಲ್ಲದವರು ಮೇಲೆ ಹತ್ತಿ ನಿಲ್ಲುವ ಯಂತ್ರವನ್ನೇ ನಂಬುತ್ತಾರೆ. ಮೊದಲು ಬರಿಗೈಯಲ್ಲಿ ನಿಲ್ಲುವುದು, ಆಮೇಲೆ ಬ್ಯಾಗು ಅಪ್ಪಿಕೊಂಡು ನಿಲ್ಲುವುದು, ಕಳೆಯುವುದು. ಬ್ಯಾಗು ಅಪ್ಪಿದವರಿಗೆ ಕಾಲ ಕೆಳಗಿನ ಅಂಕಿ ಕಾಣಲ್ಲ. ಬೇರೆಯವರು ಬಗ್ಗಿ ಓದಬೇಕು. ಓದಿದವರು ಬ್ಯಾಗಿನ ತೂಕ ಮರೆತು, ಅಪ್ಪಿಕೊಂಡವರ ತೂಕವನ್ನು ಅಡುಗೆಮನೆವರೆಗೂ ಕೇಳುವಂತೆ ಸಾರುತ್ತಾರೆ. ಕೊಕ್ಕೆಯದೇ ವಾಸಿ. ಎತ್ತಿ, ಅಂಕಿ ನಿಲ್ಲುವವರೆಗೆ ಅಲುಗದೆ ಹಿಡಿಯಿರಿ. ಅರ್ಧ ಕಿಲೋ ಕಡಿಮೆಯೇ ಇರಲಿ, ವಿಮಾನ ನಿಲ್ದಾಣದ ತಕ್ಕಡಿಗೂ ಮನೆಯದಕ್ಕೂ ಅಷ್ಟಕ್ಕಷ್ಟೇ.

ಆ ಅರ್ಧ ಕಿಲೋ ಉಳಿಯಬೇಕಲ್ಲ! ಹೊರಡುವ ವಾರ ಬರುವ ಪ್ರತಿ ಅತ್ತೆ, ದೊಡ್ಡಮ್ಮ, ಪಕ್ಕದ ಮನೆ ಆಂಟಿಯ ಕೈಯಲ್ಲೂ ಗಂಟು ಹಾಕಿದ ಒಂದು ಕವರು, ಬಾಯಲ್ಲಿ ಒಂದೇ ಮಾತು: "ಇದೇನ್ ಮಹಾ ತೂಕ ಬರುತ್ತೆ, ಒಂದ್ ಮೂಲೇಲಿ ಇಡಮ್ಮ." ಸೂಟ್‌ಕೇಸಿಗೆ ಇರುವುದೇ ಎಂಟು ಮೂಲೆ. ಏಳು ಹಪ್ಪಳಕ್ಕೇ ಹೋಗಿವೆ.

ಅರಸೀಕೆರೆ ಕಡೆ ನೆಂಟರಿದ್ದರಂತೂ ಉಂಡೆ ಕೊಬ್ಬರಿ ಬಂದೇ ಬರುತ್ತೆ. ಅದನ್ನು ಬ್ಯಾಗಿಗೆ ಹಾಕುವಂತಿಲ್ಲ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸ್ವಂತ ನಂಬರಿದೆ, ವರ್ಗ 4.2: ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದ್ದು. ಗಾಳಿ ತಾಗಿದರೆ ಸಾಕು ಹೊತ್ತಿಕೊಳ್ಳುವ ಬಿಳಿ ರಂಜಕವೂ ಇದೇ ವರ್ಗ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಆ ಎಣ್ಣೆ ಗಾಳಿಯ ಜೊತೆ ಸೇರಿ ಬಿಸಿಯಾಗುತ್ತೆ, ರಾಶಿಯಲ್ಲಿದ್ದರೆ ಆ ಬಿಸಿ ಹೊರಗೆ ಹೋಗಲ್ಲ. ಇದನ್ನು ದೊಡ್ಡಮ್ಮನಿಗೆ ವಿವರಿಸಿ ನೋಡಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು, ಕೆಳಗೆ ಒಲೆ ಉರಿಯುತ್ತಿದ್ದರೂ ತಣ್ಣಗೆ ಮಲಗಿದ್ದ ಕೊಬ್ಬರಿ ಅದು.

"ಗಿಟುಕು ಬೇಡ ಅಂದ್ರೆ ತುರಿದು ಕೊಡ್ಲಾ?"

"ತುರಿದ್ರೆ ಗಾಳಿ ಇನ್ನೂ ಚೆನ್ನಾಗಿ ತಾಗುತ್ತೆ ದೊಡ್ಡಮ್ಮ."

"ಬೆಲ್ಲ ಹಾಕಿ ಉಂಡೆ ಕಟ್ಟಿದ್ರೆ?"

ಇಲ್ಲಿ ಸುಮ್ಮನಾಗುವುದು ಕೇಳಿದವರಲ್ಲ, ಇಷ್ಟೊತ್ತು ಉತ್ತರ ಹೇಳುತ್ತಿದ್ದವರು.

ಐದು ಕಿಲೋ ರಾಜಮುಡಿ ಅಕ್ಕಿಗೂ ಇದೇ ಗತಿ. ಕಾಳು ತಿನ್ನುವ ಖಾಪ್ರಾ ಎಂಬ ಹುಳದ ಭಯಕ್ಕೆ ಅಮೆರಿಕದವರು ಭಾರತದಿಂದ ಬಂದವರ ಬ್ಯಾಗಿನಲ್ಲಿ ಅಕ್ಕಿ ಬಿಡಲ್ಲ. ಕಾಫಿಪುಡಿ ಬಿಡುತ್ತಾರೆ, ಪುಣ್ಯ. ಆದರೆ ಹುರಿದು ಪುಡಿ ಮಾಡಿಸಿದ ದಿನವೇ ಬಿಗಿಯಾಗಿ ಕಟ್ಟಬೇಡಿ. ಹೊಸ ಪುಡಿ ಒಂದೆರಡು ದಿನ ಗ್ಯಾಸು ಬಿಡುತ್ತಿರುತ್ತೆ; ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಕವರು ಪೂರಿಯ ಹಾಗೆ ಉಬ್ಬುತ್ತೆ, ಅಂಟಿಸಿದ ಬಾಯಿ ಬಿಡುತ್ತೆ. ಬಿಳಿ ಅಂಗಿಗೆ ಕಾಫಿ ಬಣ್ಣ ಹಾಕಿಸಲು ಇಷ್ಟು ದೂರ ಹೋಗಬೇಕಿಲ್ಲ. ಎರಡು ದಿನ ಬಿಟ್ಟು ಕಾಲು ಕಿಲೋ ಪ್ಯಾಕೆಟ್ಟು ಮಾಡಿ, ಗಾಳಿ ಒತ್ತಿ ತೆಗೆದು, ಟೇಪು ಹಾಕಿ, ಇನ್ನೊಂದು ಜಿಪ್ ಕವರಿನಲ್ಲಿಡಿ.

ಮಿಡಿ ಉಪ್ಪಿನಕಾಯಿಗೆ ಗಾಜಿನ ಬಾಟಲಿ ಬೇಡ, ಗಾಜಿನ ತೂಕಕ್ಕೆ ಇನ್ನಷ್ಟು ಮಿಡಿ ಬರುತ್ತೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ಎರಡು ಬೆರಳು ಜಾಗ ಬಿಟ್ಟು, ಬಾಯಿಗೆ ದಪ್ಪ ಹಾಳೆ ಹಾಸಿ ಮುಚ್ಚಳ ತಿರುಗಿಸಿ. ಟೇಪು ಸುತ್ತುವುದು ಮುಚ್ಚಳ ಬಿಗಿಯಾಗುವ ದಿಕ್ಕಿಗೇ. ಉಲ್ಟಾ ಸುತ್ತಿದರೆ ನೀವೇ ಬಿಚ್ಚಿ ಕಳಿಸಿದ ಹಾಗೆ. ಎರಡು ಜಿಪ್ ಕವರು ಹಾಕಿ, ಕುಕ್ಕರಿನೊಳಗೆ ಇಡಿ. ಕುಕ್ಕರು ಖಾಲಿ ಹೋಗುವುದು ಮಹಾಪಾಪ. ಆದರೆ ಮುಚ್ಚಳ ಹಾಕಬೇಡಿ, ಎಕ್ಸ್‌ರೇಗೆ ಒಳಗಿನದು ಸರಿಯಾಗಿ ಕಾಣದಿದ್ದರೆ ಬ್ಯಾಗು ಬಿಚ್ಚುತ್ತಾರೆ. ಬಿಚ್ಚಿದವರು ನಿಮ್ಮಷ್ಟು ಚೆಂದ ತುಂಬಲ್ಲ.

ಮಿಕ್ಸಿ ಇಲ್ಲೇ ಇರಲಿ. ನಮ್ಮದು 230 ವೋಲ್ಟು, ಅಲ್ಲಿ 120. ಅದನ್ನು ತಿರುಗಿಸುವ ಟ್ರಾನ್ಸ್‌ಫಾರ್ಮರು ಮಿಕ್ಸಿಗಿಂತ ಭಾರ. ಅಲ್ಲಿಗೆ ಆಗುವ, 110 ವೋಲ್ಟು ಎಂದು ಮಾರುವ ಮಿಕ್ಸಿಯೇ ಸಿಗುತ್ತೆ, ಕೇಳಿ ತಗೊಳ್ಳಿ.

ಹಡಗಿಗೆ ಹಾಕುವ ಸಾಮಾನಿನದು ಬೇರೆಯೇ ಗೋಳು. ಪುಸ್ತಕ ಚಿಕ್ಕ ಡಬ್ಬಕ್ಕೆ, ಹಾಸಿಗೆ ದಿಂಬು ದೊಡ್ಡದಕ್ಕೆ. ಎಲ್ಲರೂ ಇದನ್ನು ಉಲ್ಟಾ ಮಾಡಿ ತಳ ಕಿತ್ತುಕೊಂಡು ಕೂರುತ್ತಾರೆ. ಸ್ಟೀಲ್ ಲೋಟಗಳ ನಡುವೆ ಕಾಗದ ಇಡದಿದ್ದರೆ ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ. ಬಿಡಿಸಲು ಒಳಗಿನದಕ್ಕೆ ಐಸು, ಹೊರಗಿನದಕ್ಕೆ ಬಿಸಿನೀರು. ನೀವೇ ಕಟ್ಟಿದ ಡಬ್ಬದಲ್ಲಿ ಏನಾದರೂ ಒಡೆದರೆ ವಿಮೆಯವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ. ಜೊತೆಗೆ ಪ್ರತಿ ಡಬ್ಬಕ್ಕೂ ಇಂಗ್ಲಿಷಿನಲ್ಲಿ ಪಟ್ಟಿ. ಈಳಿಗೆಮಣೆಗೆ ಏನು ಬರೆಯುವುದು? ಹಲಗೆಗೆ ಜೋಡಿಸಿದ ಕತ್ತಿ ಎಂದರೆ ಆಯುಧ, ಹಳೇ ಅಡುಗೆ ಸಾಮಾನು ಎಂದರೆ ವಿವರ ಸಾಲದು.

ಆ ಪಟ್ಟಿಯಲ್ಲಿ ಶಾವಿಗೆ ಒರಳೂ ಇರುತ್ತೆ. ಕಬ್ಬಿಣದ್ದು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಡಬ್ಬದ ತಳದಲ್ಲಿ. ಶಾವಿಗೆಗೆ ಇಬ್ಬರು ಬೇಕು, ಒಬ್ಬರು ಹಿಡಿ ತಿರುಗಿಸೋಕೆ, ಒಬ್ಬರು ಕೆಳಗೆ ತಟ್ಟೆ ಹಿಡಿಯೋಕೆ. ಒರಳು ಹಡಗು ಹತ್ತುತ್ತೆ. ತಟ್ಟೆ ಹಿಡಿಯುತ್ತಿದ್ದವರು ಹಾಸನದಲ್ಲೇ ಉಳಿಯುತ್ತಾರೆ, ಉಳಿದ ಉಂಡೆ ಕೊಬ್ಬರಿಯನ್ನು ಮತ್ತೆ ಅದೇ ಕವರಿಗೆ ಹಾಕಿ ಗಂಟು ಕಟ್ಟುತ್ತಾ.

ರಾತ್ರಿ ಹನ್ನೊಂದಕ್ಕೆ ಎಂಟೂ ಬ್ಯಾಗು 22.5ಕ್ಕೆ ಬಂದು ನಿಲ್ಲುತ್ತವೆ. ಜಿಪ್ಪು ಎಳೆದು, ಬೀಗ ಹಾಕಿ, ಹಗ್ಗವನ್ನೂ ಕಟ್ಟಿಯಾದ ಮೇಲೆ ದಿವಾನಿನ ಮೇಲೆ ಒಂದೇ ಒಂದು ಸಾಮಾನು ಉಳಿದಿರುತ್ತೆ: ಕೊಕ್ಕೆ ತಕ್ಕಡಿ. ವಾಪಸ್ ಬರುವಾಗ ಬೇಕು, ಇದೇನ್ ಮಹಾ ತೂಕ ಬರುತ್ತೆ ಅಂತ ಒಂದು ಬ್ಯಾಗು ಬಿಚ್ಚಿ ಒಳಗೆ ಸೇರಿಸುತ್ತೀರಿ. ಈಗ ಆ ಬ್ಯಾಗು ಎಷ್ಟಾಯಿತು, ಹೇಳಿ?