ಬ್ಯಾಗ್ ಇಟ್ಟುಕೊಂಡಿದ್ದ ಕುರ್ಚಿ

ಈಗಷ್ಟೇ ಲೈಬ್ರರಿಯಿಂದ ಬಂದೆ. ಸೀರೆ ಕೂಡ ಬದಲಾಯಿಸಿಲ್ಲ, ಬರೆಯೋಕೆ ಕೂತಿದ್ದೇನೆ. ಇವತ್ತು ನಮ್ಮ ಉಪನಿರ್ದೇಶಕರ ಬೀಳ್ಕೊಡುಗೆ ಇತ್ತು. ಅರವತ್ತು ತುಂಬಿತು, ತಿಂಗಳ ಕೊನೆಯ ದಿನ, ಸರ್ಕಾರಿ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಸಮಾರಂಭ ತಾವು ಮೊದಲು ಕೆಲಸ ಮಾಡಿದ ಶಾಖೆಯಲ್ಲೇ ಆಗಲಿ ಅಂತ ಅವರೇ ಕೇಳಿದರಂತೆ. ಮನಸ್ಸು ತುಂಬಿ ಬಂದಿದೆ. ಅಷ್ಟೇ ಸಿಟ್ಟೂ ಬಂದಿದೆ.

ನನ್ನ ಕಥೆ ನಿಮಗೆಲ್ಲ ಗೊತ್ತು. ವಠಾರದ ಎರಡು ಕೋಣೆ ಮನೆ, ಏಳು ಜನ. ಬ್ಯಾಂಕ್ ಪರೀಕ್ಷೆಗೆ ಅಷ್ಟೂ ಓದಿದ್ದು ಈ ಲೈಬ್ರರಿಯಲ್ಲೇ. ಮೊದಲ ದಿನ ಬಾಗಿಲ ಹತ್ತಿರ ನಿಂತುಬಿಟ್ಟಿದ್ದೆ, ಒಳಗೆ ಬರೀ ಗಂಡಸರು. ಆಗ ಇವರು ಎದ್ದು ಬಂದು ಕಿಟಕಿ ಪಕ್ಕದ ಕುರ್ಚಿ ಎಳೆದು, "ಇಲ್ಲಿ ಕೂತ್ಕೊಮ್ಮ, ಫ್ಯಾನ್ ಗಾಳಿ ಬರುತ್ತೆ" ಅಂದರು. ಬೇಕಾದ ಪುಸ್ತಕ ಇಲ್ಲಿಲ್ಲದಿದ್ದರೆ ಚೀಟಿಯಲ್ಲಿ ಹೆಸರು ಬರೆದು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಕಳಿಸುತ್ತಿದ್ದರು. 1915ರಿಂದ ಪುಸ್ತಕ ಇಟ್ಟುಕೊಂಡಿರುವ ಆ ಕೆಂಪು ಕಟ್ಟಡದ ಮೆಟ್ಟಿಲನ್ನು ನಾನು ಮೊದಲು ಹತ್ತಿದ್ದು ಅವರ ಚೀಟಿ ಹಿಡಿದುಕೊಂಡೇ.

ಹಾಗಾಗಿ ಇವತ್ತಿನ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲಾ ಅವರಿಗೆ ಸಲ್ಲಬೇಕಾದದ್ದೇ. ಅದರ ಬಗ್ಗೆ ಒಂದು ಮಾತೂ ಇಲ್ಲ.

ಆದರೆ ಇವತ್ತೇ ಇಬ್ಬರು ಹೊಸಬರು ಕೆಲಸಕ್ಕೆ ಸೇರಿದ್ದಾರೆ. ಒಬ್ಬಳು ರಾಯಚೂರಿನ ಕಡೆಯ ಹುಡುಗಿ, ಸಹಾಯಕ ಗ್ರಂಥಪಾಲಕಿ. ಇನ್ನೊಬ್ಬ ಚಾಮರಾಜನಗರದ ಹುಡುಗ. ಆಮಂತ್ರಣ ಪತ್ರಿಕೆಯಲ್ಲಿ ಬೀಳ್ಕೊಡುಗೆ ಮತ್ತು ಸ್ವಾಗತ ಅಂತ ಎರಡೂ ಅಚ್ಚಾಗಿತ್ತು. ಆ ಇಬ್ಬರು ಒಂದೂವರೆ ಗಂಟೆ ಪೇಪರ್ ಸ್ಟ್ಯಾಂಡ್ ಪಕ್ಕ ನಿಂತೇ ಇದ್ದರು. ವಂದನಾರ್ಪಣೆ ಮಾಡುವಾಗ, "ಹೊಸದಾಗಿ ಬಂದಿರುವ ಸಿಬ್ಬಂದಿಗೂ ಸ್ವಾಗತ" ಅಂದರು. ಹೆಸರು ಹೇಳಲಿಲ್ಲ. ಒಂದು ಗುಲಾಬಿ ಹೂವೂ ಕೊಡಲಿಲ್ಲ.

ಭಾಷಣಕಾರರೊಬ್ಬರು ರಂಗನಾಥನ್ ಅವರನ್ನು ನೆನೆದರು. ಗ್ರಂಥಾಲಯಕ್ಕೆ 1931ರಲ್ಲಿ ಐದು ಸೂತ್ರ ಬರೆದವರು, 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ತರಬೇತಿ ಕೇಂದ್ರ ಕಟ್ಟಿದವರು. ಐದನೆಯ ಸೂತ್ರ, ಗ್ರಂಥಾಲಯ ಬೆಳೆಯುವ ಜೀವಿ ಅನ್ನೋದನ್ನು ಆ ಭಾಷಣಕಾರರು ಎರಡು ಸಲ ಹೇಳಿದರು. ಅದನ್ನು ಬೆಳೆಸಬೇಕಾದ ಹುಡುಗಿ ಹತ್ತು ಅಡಿ ದೂರದಲ್ಲಿ ಕಾಲು ಬದಲಾಯಿಸುತ್ತಾ ನಿಂತಿದ್ದಳು!

ಪಕ್ಕದ ಹಿರಿಯರಿಗೆ ಹೇಳಿದೆ. "ಇದು ಅವರ ದಿನ ಅಲ್ವಾ, ಹೊಸಬರದ್ದು ಆಮೇಲೆ ಮಾಡಿದರಾಯಿತು" ಅಂದರು. ಯಾವಾಗ ಆಮೇಲೆ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದ್ದೆ, ಆ ಆಮೇಲೆ ಬಂದದ್ದನ್ನು ಒಮ್ಮೆಯೂ ನೋಡಿಲ್ಲ.

ಇನ್ನೊಬ್ಬರು, "ಚಾರ್ಜ್ ಕೊಡ್ತಾರಲ್ಲ, ಎಲ್ಲಾ ಬರವಣಿಗೆಯಲ್ಲಿ ಇರುತ್ತೆ" ಅಂದರು. ಇರುತ್ತೆ. ಬೀಗದ ಕೈ, ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರ್, ಪುಸ್ತಕದ ಎಣಿಕೆ. ಆದರೆ ತರಕಾರಿ ಗಾಡಿ ಮುಗಿಸಿ ಸಂಜೆ ಏಳಕ್ಕೆ ಪಿಎಸ್‌ಐ ಪರೀಕ್ಷೆಗೆ ಓದೋಕೆ ಬರುವ ಹುಡುಗನಿಗೆ ಒಂದು ಜಾಗ ಹಿಡಿದಿಡಬೇಕು ಅಂತ ಯಾವ ರಿಜಿಸ್ಟರಿನಲ್ಲಿದೆ? ಕನ್ನಡಕದ ಪವರ್ ಸಾಲದ ತಾತನಿಗೆ ದಪ್ಪ ಅಕ್ಷರದ ಪುಸ್ತಕ ತೆಗೆದಿಡಬೇಕು ಅಂತ? ಇದನ್ನೆಲ್ಲ ಒಬ್ಬರು ಇನ್ನೊಬ್ಬರ ಪಕ್ಕ ಕೂತು ಹೇಳಬೇಕು. ಕನಿಷ್ಠ ಒಂದು ತಿಂಗಳು ಹಳಬರೂ ಹೊಸಬರೂ ಒಂದೇ ಮೇಜಿನಲ್ಲಿ ಇರಬೇಕಿತ್ತು. ಇವರು ಹೋಗುವ ದಿನ ಅವರು ಬರುವುದಾದರೆ ಹೇಗೆ?

ನಾವು ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಈಗ ತೆರಿಗೆಯ ಶೇ 6. ಮನೆ ಇರುವ ಪ್ರತಿಯೊಬ್ಬರದೂ ಅದರಲ್ಲಿ ಪಾಲಿದೆ. ಅಂದಮೇಲೆ ಇದು ನಮ್ಮ ಲೈಬ್ರರಿ. ಆ ಹುಡುಗಿ ನಮ್ಮ ಮನೆಗೆ ಬಂದವಳು. ಮನೆಗೆ ಬಂದವರನ್ನು ನಾವು ಹೊಸಿಲಲ್ಲಿ ನಿಲ್ಲಿಸುತ್ತೇವಾ?

ಇಷ್ಟು ಹೇಳುತ್ತಿರುವ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು, ಬ್ಯಾಗ್ ಇಟ್ಟುಕೊಂಡಿದ್ದೆ. ಅವಳನ್ನು ನೋಡಿದೆ, ಮತ್ತೆ ನೋಡಿದೆ. ಸುಮ್ನೆ ಯಾಕೆ ಮಧ್ಯದಲ್ಲಿ ಎದ್ದು ಗಲಾಟೆ ಅಂತ ಕೂತೇ ಇದ್ದೆ. ಎದ್ದು ಕರೆದಾಗ ರಾಷ್ಟ್ರಗೀತೆ ಶುರುವಾಗುವ ಹೊತ್ತು. ಇದು ಈಗ ಜಾಸ್ತಿ ಚುಚ್ಚುತ್ತಿದೆ.

ಎಲ್ಲರೂ ಉಪ್ಪಿಟ್ಟು ಕೇಸರಿಬಾತ್ ಕಡೆ ಹೋದರು. ಸಾರ್ ಮಾತ್ರ ಪೇಟ ತೆಗೆದು ಮೇಜಿನ ಮೇಲಿಟ್ಟು, ಹಾರ ಹಾಕಿಕೊಂಡೇ ಆ ಹುಡುಗಿಯನ್ನು ಕರೆದುಕೊಂಡು ಕನ್ನಡ ಸಾಹಿತ್ಯದ ರ‍್ಯಾಕಿನ ಹತ್ತಿರ ಹೋದರು. ಕನ್ನಡ ಸಾಹಿತ್ಯದ ವರ್ಗ ಸಂಖ್ಯೆ 894.814 ಅಂತ ಚೀಟಿ ಅಂಟಿಸಿದ ಒಂದು ಹಳೇ ಕಾದಂಬರಿ. "ಮೇಲ್ತುದಿ ಹಿಡಿದು ಎಳೆಯಬಾರದಮ್ಮ, ಬೆನ್ನು ಕಿತ್ತು ಬರುತ್ತೆ. ಅಕ್ಕಪಕ್ಕದ ಎರಡನ್ನೂ ಸ್ವಲ್ಪ ಒಳಗೆ ತಳ್ಳು, ನಡುವೆ ಹಿಡಿದು ತೆಗಿ" ಅಂತ ಮಾಡಿ ತೋರಿಸಿದರು.

"ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು ಸಾರ್" ಅಂದಳು.

"ಇದನ್ನು ಹೇಳಿರಲ್ಲ" ಅಂತ ಅವಳ ಕೈ ಹಿಡಿದು ರ‍್ಯಾಕಿನ ಹಿಂದಿನ ಗೋಡೆಗೆ ಮುಟ್ಟಿಸಿದರು. ತಣ್ಣಗಿತ್ತಂತೆ. ಮಳೆ ಶುರುವಾದರೆ ಕೆಳಗಿನ ಎರಡು ಸಾಲು ಖಾಲಿ ಮಾಡಬೇಕು, ಅಲ್ಲಿಂದಲೇ ನೀರು ಇಳಿಯೋದು. ಅವಳು ಫೋನ್ ತೆಗೆದು ಅದನ್ನು ಬರೆದುಕೊಂಡಳು. ಆ ಹುಡುಗನೂ ಬಂದು ಗೋಡೆ ಮುಟ್ಟಿ ನೋಡಿದ. ನನ್ನ ಕಣ್ಣು ತುಂಬಿತು. ಇವತ್ತಿನ ಸ್ವಾಗತ ಅಂದರೆ ಅದೊಂದೇ.

ನಾಡಿದ್ದು ಸಂಜೆ ಮತ್ತೆ ಹೋಗುತ್ತೇನೆ. ನನ್ನ ಕಾರ್ಡ್ ಯಾವಾಗಲೋ ರದ್ದಾಗಿದೆ, ಅವಳ ಕೈಯಲ್ಲೇ ಹೊಸದು ಮಾಡಿಸಬೇಕು. ಬಿಸಿಬೇಳೆಬಾತ್ ಮಾಡಿಕೊಂಡು ಹೋಗುತ್ತೇನೆ, ಬರುವವರು ಬನ್ನಿ. ಸಾರ್ ಕೂಡ ಬರುತ್ತೇನೆ ಅಂದಿದ್ದಾರೆ. ಹಾಂ, ಅವಳಿಗೆ ಇನ್ನೂ ಮನೆ ಸಿಕ್ಕಿಲ್ಲ, ಪಿಜಿಯಲ್ಲಿದ್ದಾಳೆ. ಮೆಟ್ರೋ ಹಸಿರು ಮಾರ್ಗದ ಹತ್ತಿರ, ಅಡ್ವಾನ್ಸ್ ಕಡಿಮೆ ಇರುವ ಒಂದು ರೂಮಿನ ಮನೆ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ.